ತಟ್ಟೆಯಲ್ಲಿ ಮಿಡಿಯುವ ಹೃದಯಕೋಶ

ಕೆಲವು ಮನೆತನಗಳಲ್ಲಿ ಒಂದು ವಿಚಿತ್ರವಾದ ದುಃಖವುಂಟು. ಗಟ್ಟಿಮುಟ್ಟಾದ ಹುಡುಗ, ಬಯಲಿನಲ್ಲಿ ಓಡುತ್ತಿದ್ದವನು ಕುಸಿದು ಬೀಳುತ್ತಾನೆ, ಮೇಲೇಳುವುದಿಲ್ಲ. ಆಗ ಹಿರಿಯರಿಗೆ ನೆನಪಾಗುತ್ತದೆ, ಇವನ ಚಿಕ್ಕಪ್ಪನೂ ಹೀಗೆಯೇ ಹೋದನಲ್ಲವೇ ಎಂದು. ಶಾಪವೆನ್ನುವವರು ಕೆಲವರು, ನಾಗದೋಷವೆನ್ನುವವರು ಕೆಲವರು. ಹೊಸ ಸೊಸೆಯ ಕಾಲ್ಗುಣವನ್ನು ದೂರುವವರೂ ಇಲ್ಲದಿಲ್ಲ. ಪಾಪ, ಹೊರಗಿನಿಂದ ಬಂದ ಹೆಣ್ಣಿಗೂ ಈ ಮನೆಯ ರಕ್ತಕ್ಕೂ ಏನು ಸಂಬಂಧ?

ಇಂತಹ ಸಾವುಗಳಲ್ಲಿ ಹಲವಕ್ಕೆ ಕಾರಣ ವಂಶವಾಹಿಯಲ್ಲಿರುವ ಪಾಠದೋಷ. ಓಲೆಗರಿಯಲ್ಲಿ ಲಿಪಿಕಾರನೊಬ್ಬ ಅಕ್ಷರ ಬಿಟ್ಟರೆ, ಅದನ್ನು ನೋಡಿ ಬರೆದವರೂ ಬಿಡುತ್ತಾರಷ್ಟೆ, ಹಾಗೆ. ಹೃದಯದ ಗೋಡೆ ವಿಪರೀತ ದಪ್ಪವಾಗುವ ರೋಗವೊಂದಿದೆ. ಸುಮಾರು 500 ಮಂದಿಯಲ್ಲಿ ಒಬ್ಬರಿಗೆ ಇರುವುದೆಂದು ಎಣಿಕೆ. ಹೃದಯದ ವಿದ್ಯುತ್ತಿನ ಲಯ ಕೆಡುವ ರೋಗಗಳು ಬೇರೆ. ತಂದೆತಾಯಿಯರಲ್ಲಿ ಒಬ್ಬರಿಗೆ ದೋಷವಿದ್ದರೂ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಸಾಮಾನ್ಯವಾಗಿ ಅರ್ಧಕ್ಕರ್ಧ.

ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ಕೆ. ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಸಂಗತಿ ನಮಗೆ ಹತ್ತಿರದ್ದು. ನಮ್ಮ ಉಪಖಂಡದವರಲ್ಲಿ ನೂರಕ್ಕೆ ಸುಮಾರು ನಾಲ್ವರ ಹೃದಯಸ್ನಾಯುವಿನ ಒಂದು ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿವೆ. ಹೆದರಬೇಡಿ, ಇದನ್ನು ಹೊತ್ತವರೆಲ್ಲ ರೋಗಿಗಳಲ್ಲ. ಒಬ್ಬನ ಹೃದಯ ಕೆಡುತ್ತದೆ, ಅದೇ ದೋಷವುಳ್ಳ ಇನ್ನೊಬ್ಬ ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಾನೆ. ಏಕೆ?

ನೋಡೋಣವೆಂದರೆ, ರಕ್ತವನ್ನು ತೆಗೆದಂತೆ ಬದುಕಿರುವವನ ಹೃದಯವನ್ನು ಬೇಕೆಂದಾಗಲೆಲ್ಲ ತುಂಡು ತೆಗೆದು ನೋಡಲಾದೀತೆ? ಇಲಿಯನ್ನು ನೋಡಬಹುದು, ಆದರೆ ಪ್ರಯೋಗಶಾಲೆಯ ಸಣ್ಣ ಇಲಿಯ ಹೃದಯ ನಿಮಿಷಕ್ಕೆ ಐನೂರಕ್ಕೂ ಹೆಚ್ಚು ಸಲ ಬಡಿಯುತ್ತದೆ, ನಮ್ಮದು ಎಪ್ಪತ್ತರ ಆಸುಪಾಸು.

ಇಲ್ಲಿ ನೆರವಿಗೆ ಬಂದದ್ದು ಮೂಲಕೋಶ. ಇಂಗ್ಲಿಷಿಗೆ ಪದಕ್ಕೆ ಪದವಿಟ್ಟು ‘ಕಾಂಡಕೋಶ’ ಎನ್ನುವುದುಂಟು. ನನ್ನ ಕಿವಿಗೆ ಅದು ಬಾಳೆಯ ದಿಂಡನ್ನು ನೆನಪಿಸುತ್ತದೆ. ‘ನಡೆ’ ಎಂಬ ಧಾತುವಿನಿಂದ ನಡಿಗೆ, ನಡತೆ, ನಡವಳಿಕೆ ಹುಟ್ಟುವಂತೆ, ಭ್ರೂಣದ ಮೂಲಕೋಶಗಳಿಂದ ಚರ್ಮ, ನರ, ಹೃದಯಗಳು ರೂಪುಗೊಳ್ಳುತ್ತವೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಶಿನ್ಯಾ ಯಮನಾಕ ಈ ದಾರಿಯಲ್ಲಿ ಹಿಂದಕ್ಕೆ ನಡೆದರು. 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮಕೋಶಗಳಿಗೆ ನಾಲ್ಕೇ ವಂಶವಾಹಿಗಳನ್ನು ಸೇರಿಸಿ, ಅವನ್ನು ಮತ್ತೆ ಮೂಲಕೋಶಗಳಂತೆ ಮಾಡಿದರು. ‘ನಡತೆ’ಯನ್ನು ‘ನಡೆ’ಯಾಗಿಸಿ, ಬೇಕಾದರೆ ‘ನಡಿಗೆ’ ಮಾಡಿಕೊಳ್ಳಿ ಎಂದಂತೆ! ಜಾನ್ ಗರ್ಡನ್‌ರೊಡನೆ 2012ರ ನೊಬೆಲ್ ಬಹುಮಾನ ಅವರಿಗೆ ಬಂದಿತು.

ಈ ಕೋಶಗಳಿಗೆ ತಕ್ಕ ದ್ರವ್ಯಗಳನ್ನು ಕ್ರಮವರಿತು ಉಣಿಸಿದರೆ, ಕೆಲವೇ ವಾರಗಳಲ್ಲಿ ಅವು ಹೃದಯಕೋಶಗಳಾಗಿ, ತಟ್ಟೆಯಲ್ಲಿ ತಮಗೆ ತಾವೇ ಮಿಡಿಯತೊಡಗುತ್ತವೆ. ಚರ್ಮ ಯಾರದೋ ಅವರದೇ ಹೃದಯಕೋಶ. ಅದೇ ಪಾಠ, ಅದೇ ದೋಷ.

2010ರಲ್ಲಿ ಜರ್ಮನಿಯ ಮ್ಯೂನಿಕ್‌ನ ಸಂಶೋಧಕರು, ಲಯದ ರೋಗವಿದ್ದ ಒಂದೇ ಕುಟುಂಬದ ಇಬ್ಬರ ಚರ್ಮದಿಂದ ಹೀಗೆ ಹೃದಯಕೋಶಗಳನ್ನು ಬೆಳೆಸಿದರು. ಪ್ರತಿ ಮಿಡಿತದ ವಿದ್ಯುತ್ ಅಲೆಯೂ ಅಡಗಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಓಟ, ಭಯಗಳಲ್ಲಿ ಮೈಯೊಳಗೆ ಉಕ್ಕುವ ಅಡ್ರಿನಲಿನ್‌ನಂಥ ದ್ರವ್ಯವನ್ನು ಹನಿಸಿದಾಗ ಲಯ ಇನ್ನೂ ಕೆಟ್ಟಿತು. ವೈದ್ಯರು ಇಂಥ ರೋಗಿಗಳಿಗೆ ಕೊಡುತ್ತಿದ್ದ ಬೀಟಾ ಬ್ಲಾಕರ್ ಔಷಧವನ್ನು ಹಾಕಿದಾಗ ರಕ್ಷಣೆ ದೊರೆಯಿತು. ಬಯಲಿನಲ್ಲಿ ಹುಡುಗನೊಬ್ಬನ ಎದೆಯೊಳಗೆ ನಡೆಯುವುದನ್ನು, ಯಾರಿಗೂ ಅಪಾಯವಿಲ್ಲದೆ, ಮೇಜಿನ ಮೇಲೆ ಕಂಡಂತಾಯಿತು.

ಈಗ ರೋಗಿಯ ಕೋಶದಲ್ಲಿ ಆ ಒಂದು ದೋಷವನ್ನು ಮಾತ್ರ ತಿದ್ದಿ, ತಿದ್ದಿದ್ದನ್ನೂ ತಿದ್ದದ್ದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ. ಉಳಿದೆಲ್ಲ ಒಂದೇ ಆಗಿರುವುದರಿಂದ, ಕೇಡಿನಲ್ಲಿ ಆ ದೋಷದ ಪಾಲೆಷ್ಟೆಂಬುದು ಬೇರ್ಪಟ್ಟು ಕಾಣುತ್ತದೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿಯೂ ಹೃದಯಸ್ನಾಯುವಿನ ವಂಶರೋಗಗಳನ್ನು ಕುರಿತು ಸಂಶೋಧನೆ ನಡೆದಿದೆ.

ಇದನ್ನೇ ಪವಾಡವೆಂದು ಭಾವಿಸಬಾರದು. ತಟ್ಟೆಯ ಕೋಶಗಳು ಎಳಸು. ಗರ್ಭದ ಶಿಶುವಿನವನ್ನು ಹೋಲುತ್ತವೆ. ನಲವತ್ತನೆಯ ವಯಸ್ಸಿನಲ್ಲಿ ತಲೆದೋರುವ ರೋಗವನ್ನು ನಲವತ್ತು ದಿನದ ಕೋಶ ಪೂರ್ತಿ ಹೇಳಲಾರದು.

ನಿಮ್ಮ ಬಂಧುಗಳಲ್ಲಿ ಎಳೆವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡವರಿದ್ದರೆ ಮೂಲಕೋಶಕ್ಕಾಗಿ ಕಾಯಬೇಕಾಗಿಲ್ಲ. ಹೃದಯದ ವೈದ್ಯರಿಗೆ ಆ ಸಂಗತಿಯನ್ನು ಮುಚ್ಚಿಡದೆ ಹೇಳಿ. ಒಡಹುಟ್ಟಿದವರಿಗೂ ಮಕ್ಕಳಿಗೂ ಇ.ಸಿ.ಜಿ., ಎಕೋ ಪರೀಕ್ಷೆಗಳನ್ನು ಮಾಡಿಸಿ. ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ಈ ದೋಷ ಅವರಿಗೂ ಅಷ್ಟೇ ಸಲೀಸಾಗಿ ಬರುತ್ತದೆ.