ಬಾಣಲೆಯ ಎಣ್ಣೆ, ಸುಮಾತ್ರಾದ ಕಾಡು

ಗದಗ-ಬೆಟಗೇರಿಯಲ್ಲಿ ಸಂಜೆಯಾದರೆ ಬಂಡಿಗಳ ಮೇಲೆ ಎಣ್ಣೆ ಕಾಯುತ್ತದೆ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಚುಂಯ್ ಎಂದು ಇಳಿಯುತ್ತದೆ, ಪಕ್ಕದಲ್ಲೇ ಗಿರಮಿಟ್ ಕಲಸುವ ಕೈ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಹೊಲಗಳು ಶೇಂಗಾ, ಕುಸುಬಿ ಬೆಳೆದ ನೆಲ. ಗಾಣದ ಎಣ್ಣೆ ಉಂಡು ಬೆಳೆದ ಈ ಸೀಮೆಗೂ ಅಗ್ಗದ ಪಾಮೋಲಿನ್, ಅಂದರೆ ತಾಳೆ ಎಣ್ಣೆ, ಬಂದಿದೆ.

ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ತರಿಸಿಕೊಳ್ಳುವ ದೇಶ ಭಾರತ; ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಅಲ್ಲಿ ತಾಳೆತೋಟಕ್ಕಾಗಿ ಕಾಡು ಕಳೆದುಕೊಂಡ ಬೋರ್ನಿಯೋ, ಸುಮಾತ್ರಾ ದ್ವೀಪಗಳನ್ನು ಬಿಟ್ಟರೆ ಒರಾಂಗುಟಾನ್‌ಗೆ ಬೇರೆ ನೆಲೆಯಿಲ್ಲ.

ಈ ವಾನರ ಸಂಜೆ ಮರದ ಮೇಲೆ ಕೊಂಬೆ ಬಾಗಿಸಿ, ಎಲೆ ಹಾಸಿ ಮಲಗಲು ಗೂಡು ಕಟ್ಟುತ್ತದೆ. ಮರಿಯನ್ನು ವರ್ಷಗಟ್ಟಲೆ ಎದೆಗವಚಿಕೊಂಡೇ ಸಾಕುತ್ತದೆ. ಮತ್ತೆ ಮರಿ ಹಾಕುವುದು ಏಳೆಂಟು ವರ್ಷಕ್ಕೊಮ್ಮೆ, ಹಾಗಾಗಿ ಸತ್ತವುಗಳ ಜಾಗ ತುಂಬುವುದೇ ಕಷ್ಟ. 2017ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿದ ಸುಮಾತ್ರಾದ ತಪನೂಲಿ ಒರಾಂಗುಟಾನ್‌ಗಳು 800ಕ್ಕೂ ಕಡಿಮೆ.

ತಾಳೆ ಗಿಡದ್ದೇ ತಪ್ಪೆನ್ನಲಾಗದು. ಎಕರೆಗೆ ಅದು ಶೇಂಗಾಕ್ಕಿಂತ ಹಲವು ಪಟ್ಟು ಎಣ್ಣೆ ಕೊಡುತ್ತದೆ. ನಿಂತ ಕಾಡು ಕಡಿದು ನೆಡುವುದು ಅನ್ಯಾಯ.

ಕಾಡಿನ ಬೆಲೆ ಈ ಸೀಮೆಗೂ ಗೊತ್ತು: ಗಣಿಯ ಬಾಯಿಂದ ತಮ್ಮ ಜಿಲ್ಲೆಯ ಕಪ್ಪತಗುಡ್ಡವನ್ನು ಉಳಿಸಲು ಗದಗಿನ ಜನ ಬೀದಿಗಿಳಿದಿದ್ದರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ದೂರದ ಆ ದ್ವೀಪಗಳ ಕಾಡಿಗೂ ದಾರಿಯಿದೆ: ಕಾಡು ಕಡಿಯದೆ ಬೆಳೆದ ತಾಳೆ ಎಣ್ಣೆಗೆ ಪ್ರಮಾಣಪತ್ರ ಕೊಡುವ ಪದ್ಧತಿಯೂ ಇದೆ. ಅಂಥ ಎಣ್ಣೆಯನ್ನು ಕೇಳಿ ಕೊಳ್ಳುವವರು ಭಾರತದಲ್ಲಿ ಇನ್ನೂ ಕಡಿಮೆ.