ದೊಡ್ಡಮ್ಮ ಹಸಿರು ಸೀರೆ ಅಲ್ಲ: ‘ಇದ್ದಾರೆ’ಯನ್ನು ಇಂಗ್ಲಿಷಿಗೆ ತರೋದು ಹೇಗೆ?

ಇವತ್ತಿನ ಸಂಚಿಕೆಯ ವಿಷಯ ತುಂಬಾ ಸಣ್ಣದು. ಒಬ್ಬರು ನೋಡೋಕೆ ಹೇಗಿದ್ದಾರೆ ಅಂತ ಇಂಗ್ಲಿಷಿನಲ್ಲಿ ಹೇಳೋದು ಹೇಗೆ? ಇದರಲ್ಲೇನಿದೆ ಮಹಾ ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸ್ತಿತ್ತು, ಕಳೆದ ವರ್ಷ ಚೆನ್ನೈನಲ್ಲಿ ನಮ್ಮ ದೊಡ್ಡಮ್ಮ ಕಾಣೆಯಾಗೋವರೆಗೆ.

ಕಣ್ಣು ತೋರಿಸೋಕೆ ಅಂತ ದೊಡ್ಡಮ್ಮನನ್ನು ಅಲ್ಲಿನ ಒಂದು ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ವಿ, ಅಮ್ಮ ಮತ್ತು ನಾನು. ಪರೀಕ್ಷೆಗೆ ಮುಂಚೆ ಕಣ್ಣಿಗೆ ಡ್ರಾಪ್ಸ್ ಹಾಕ್ತಾರಲ್ಲ, ಅದನ್ನು ಹಾಕಿದ ಮೇಲೆ ಕೆಲವು ಗಂಟೆ ಎಲ್ಲಾ ಮಬ್ಬು ಮಬ್ಬು. ನಾನು ಬಿಲ್ ಕಟ್ಟೋಕೆ ಹೋದೆ, ಅಮ್ಮ ಫೈಲ್ ಇಸ್ಕೊಂಡು ಬರೋಕೆ ಹೋದರು. ವಾಪಸ್ ಬಂದು ನೋಡಿದ್ರೆ ಕುರ್ಚಿ ಖಾಲಿ. ದೊಡ್ಡಮ್ಮನ ಫೋನೂ ಕನ್ನಡಕವೂ ಅಮ್ಮನ ಬ್ಯಾಗಿನಲ್ಲಿ. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ.

ಓಡಿ ಹೋಗಿ ಹೆಲ್ಪ್ ಡೆಸ್ಕಿನಲ್ಲಿ ಹೇಳಿದೆ. ಅಲ್ಲಿದ್ದ ಮೇಡಂಗೆ ಕನ್ನಡ ಬರಲ್ಲ, ನನಗೆ ತಮಿಳು ಬರಲ್ಲ. ಉಳಿದಿದ್ದು ಇಂಗ್ಲಿಷ್. “ನೋಡೋಕೆ ಹೇಗಿದ್ದಾರೆ?” ಅಂತ ಅವರು ಇಂಗ್ಲಿಷಿನಲ್ಲಿ ಕೇಳಿದರು. “ಹೇಳೋ, ಡಿಗ್ರಿ ಓದಿದೋನು ನೀನೇ ಅಲ್ವಾ” ಅಂತ ಪಕ್ಕದಲ್ಲಿ ಅಮ್ಮ. ಬಿ.ಕಾಂ. ಪಾಸಾದ ನನ್ನ ಬಾಯಿಂದ ಬಂದಿದ್ದು ಇಷ್ಟು: “ಶೀ ಈಸ್ ಗ್ರೀನ್ ಸ್ಯಾರಿ. ಶೀ ಈಸ್ ವೈಟ್ ಹೇರ್. ಶೀ ಶಾರ್ಟ್. ಶೀ ಈಸ್ ಲೈಕ್ ಮೈ ಮದರ್.”

ಫೋಟೋ ತೋರಿಸಬಹುದಿತ್ತಲ್ಲ ಅಂತೀರಿ. ನನ್ನ ಮೊಬೈಲಿನಲ್ಲಿದ್ದದ್ದು ಒಂದು ಹಳೇ ಮದುವೆ ಫೋಟೋ. ಅದರಲ್ಲಿ ದೊಡ್ಡಮ್ಮನ ಕೂದಲು ಕಪ್ಪು. ಅಲ್ಲದೆ, ವಾಕಿಟಾಕಿಯಲ್ಲಿ ಫೋಟೋ ಹೋಗಲ್ಲ, ಮಾತು ಮಾತ್ರ ಹೋಗುತ್ತೆ. ಹಸಿರು ಸೀರೆ, ಬಿಳಿ ಕೂದಲು, ಕುಳ್ಳಗಿದ್ದಾರೆ ಅಂತ ಮೇಡಂ ತಮಿಳಿನಲ್ಲಿ ಎಲ್ಲ ಗಾರ್ಡ್‌ಗಳಿಗೂ ಹೇಳಿದರು. ಆದ್ರೆ ಕಣ್ಣಿನ ಆಸ್ಪತ್ರೆಯಲ್ಲಿ ಅಂಥ ಅಜ್ಜಿಯರು ಒಂದೊಂದು ಮಹಡಿಯಲ್ಲೂ ಹತ್ತು ಜನ ಇರ್ತಾರೆ. ಇಪ್ಪತ್ತು ನಿಮಿಷ ಆದರೂ ಸುದ್ದಿ ಇಲ್ಲ.

ಈಗ ಇಲ್ಲೊಂದು ನಿಮಿಷ ನಿಲ್ಲೋಣ. ನನ್ನ ನಾಲ್ಕು ವಾಕ್ಯದಲ್ಲಿ ಮೊದಲ ಮೂರೂ ವ್ಯಾಕರಣದ ಪ್ರಕಾರ ತಪ್ಪು, ಆದರೆ ಮೇಡಂಗೆ ಮೂರೂ ಅರ್ಥ ಆದವು. ನಾಲ್ಕನೆಯದು ವ್ಯಾಕರಣದ ಪ್ರಕಾರ ಸರಿ, ಅದೇ ಅರ್ಥ ಆಗಲಿಲ್ಲ! “ಶೀ ಈಸ್ ಲೈಕ್ ಮೈ ಮದರ್” ಅಂದಾಗ ಅವರಿಗೆ ಕೇಳಿಸಿದ್ದು ‘ಅವರು ನನಗೆ ತಾಯಿ ಇದ್ದ ಹಾಗೆ’ ಅಂತ. ಪಾಪ, ಸಮಾಧಾನ ಬೇರೆ ಮಾಡಿದರು. ನಾನು ಹೇಳಬೇಕಾಗಿದ್ದದ್ದು ದೊಡ್ಡಮ್ಮ ನೋಡೋಕೆ ನಮ್ಮಮ್ಮನ ಥರಾನೇ ಇದ್ದಾರೆ ಅಂತ. ಅದೇ ಅಗಲ ಹಣೆ, ಅದೇ ಮೂಗು. ಆ ಮುಖ ನನ್ನ ಪಕ್ಕದಲ್ಲೇ ನಿಂತಿತ್ತು. “ಶೀ ಲುಕ್ಸ್ ಲೈಕ್ ಮೈ ಮದರ್” ಅಂತ ಅಮ್ಮನ ಕಡೆ ಕೈ ತೋರಿಸಿದ್ರೆ ಸಾಕಿತ್ತು.

ಕನ್ನಡದಲ್ಲಿ ‘ಅಮ್ಮನ ಥರ ಇದ್ದಾರೆ’ ಅನ್ನೋದಕ್ಕೆ ಎರಡೂ ಅರ್ಥ ಬರುತ್ತೆ, ಸಂದರ್ಭ ನೋಡ್ಕೊಂಡು ನಾವು ತಿಳ್ಕೊಳ್ತೀವಿ. ಇಂಗ್ಲಿಷಿನಲ್ಲಿ ‘ಈಸ್ ಲೈಕ್’ ಅಂದ್ರೆ ಹೆಚ್ಚಾಗಿ ಸ್ವಭಾವ, ಸಂಬಂಧ. ‘ಲುಕ್ಸ್ ಲೈಕ್’ ಅಂದ್ರೆ ರೂಪ. ಪ್ರಶ್ನೆಗಳೂ ಹಾಗೇ. “ವಾಟ್ ಈಸ್ ಶೀ ಲೈಕ್?” ಅಂದ್ರೆ ಅವರು ಎಂಥವರು ಅಂತ. “ವಾಟ್ ಡಸ್ ಶೀ ಲುಕ್ ಲೈಕ್?” ಅಂದ್ರೆ ನೋಡೋಕೆ ಹೇಗಿದ್ದಾರೆ ಅಂತ. “ಹೌ ಈಸ್ ಶೀ?” ಅಂದ್ರೆ ಆರೋಗ್ಯವಾಗಿದ್ದಾರಾ ಅಂತ. ನಮ್ಮಲ್ಲಿ ಈ ಮೂರಕ್ಕೂ ‘ಹೇಗಿದ್ದಾರೆ’ ಒಂದೇ ನಡೆಯುತ್ತೆ.

ಇನ್ನು ಮೊದಲ ಮೂರು ತಪ್ಪು. ಅವು ಯಾಕಾಗುತ್ತೆ? ದಡ್ಡತನದಿಂದ ಅಲ್ಲ. ‘ನಮ್ಮ ದೊಡ್ಡಮ್ಮ ಕುಳ್ಳಿ’ ಅನ್ನೋ ವಾಕ್ಯದಲ್ಲಿ ಕ್ರಿಯಾಪದ ಎಲ್ಲಿದೆ? ಇಲ್ಲ. ಕನ್ನಡಕ್ಕೆ ಅಲ್ಲಿ ಅದು ಬೇಕಿಲ್ಲ. ತಮಿಳು, ತೆಲುಗಿನಲ್ಲೂ ಹೀಗೇ, ಅಷ್ಟು ದೂರದ ರಷ್ಯನ್ ಭಾಷೆಯಲ್ಲೂ ವರ್ತಮಾನ ಕಾಲದಲ್ಲಿ ಹೀಗೇ. ಇಂಗ್ಲಿಷಿಗೆ ಮಾತ್ರ ನಡುವೆ ಒಂದು ಕೊಂಡಿ ಬೇಕೇ ಬೇಕು: ಆಮ್, ಈಸ್, ಆರ್. ಅದಕ್ಕೇ ಅದನ್ನು ಲಿಂಕಿಂಗ್ ವರ್ಬ್ ಅನ್ನೋದು. “ಶೀ ಶಾರ್ಟ್” ಅಲ್ಲ, “ಶೀ ಈಸ್ ಶಾರ್ಟ್.”

ಕಾಮರ್ಸ್ ಓದಿದೋರಿಗೆ ಒಂದು ಮಾತು. ಈ ‘ಈಸ್’ ಅನ್ನು ಸಮ ಚಿಹ್ನೆ ಅಂದ್ಕೊಳ್ಳಿ. ಎಡಗಡೆಯದೂ ಬಲಗಡೆಯದೂ ಟ್ಯಾಲಿ ಆಗಬೇಕು. “ಶೀ ಈಸ್ ಗ್ರೀನ್ ಸ್ಯಾರಿ” ಅಂದ್ರೆ ದೊಡ್ಡಮ್ಮನೇ ಹಸಿರು ಸೀರೆ ಅಂತ ಆಯ್ತು, ಟ್ಯಾಲಿ ಆಗಲ್ಲ. ನಡುವೆ ‘ಇನ್’ ಸೇರಿಸಿ, “ಶೀ ಈಸ್ ಇನ್ ಎ ಗ್ರೀನ್ ಸ್ಯಾರಿ” ಅನ್ನಿ, ಲೆಕ್ಕ ಸರಿಹೋಯ್ತು. “ಶೀ ಈಸ್ ವೇರಿಂಗ್ ಎ ಗ್ರೀನ್ ಸ್ಯಾರಿ” ಅಂದ್ರೂ ಸರಿ.

ಹಾಗಾದ್ರೆ ಎಲ್ಲಿ ‘ಈಸ್’, ಎಲ್ಲಿ ‘ಹ್ಯಾಸ್’? ಇದನ್ನು ಕನ್ನಡವೇ ಹೇಳಿಕೊಡುತ್ತೆ. ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳ್ಕೊಳ್ಳಿ. ‘ಅವರು’ ಅಂತ ಶುರುವಾದ್ರೆ ‘ಈಸ್’. ಅವರು ಎತ್ತರ ಇದ್ದಾರೆ, “ಶೀ ಈಸ್ ಟಾಲ್.” ‘ಅವರಿಗೆ’ ಅಂತ ಶುರುವಾದ್ರೆ, ಅಂದ್ರೆ ಸ್ಕೂಲಿನಲ್ಲಿ ಉರು ಹೊಡೆದ ಆ ಚತುರ್ಥಿ ವಿಭಕ್ತಿ ಬಂದ್ರೆ, ‘ಹ್ಯಾಸ್’. ಅವರಿಗೆ ಬಿಳಿ ಕೂದಲಿದೆ, “ಶೀ ಹ್ಯಾಸ್ ವೈಟ್ ಹೇರ್.” ‘ಅವರ’ ಅಂತ ಶುರುವಾದ್ರೆ ಮತ್ತೆ ‘ಈಸ್’. ಅವರ ಕೂದಲು ಬಿಳಿ, “ಹರ್ ಹೇರ್ ಈಸ್ ವೈಟ್.” ತಲೆಗೂದಲು ಎಷ್ಟೇ ಇರಲಿ, ಇಂಗ್ಲಿಷಿನಲ್ಲಿ ಅದು ಏಕವಚನ. ಈ ಸೂತ್ರಕ್ಕೂ ಅಪವಾದ ಇದೆ. ಅವರಿಗೆ 64 ವರ್ಷ ಅಂತೀವಿ, ಆದರೆ ಅಲ್ಲಿ “ಶೀ ಹ್ಯಾಸ್” ಅಲ್ಲ, “ಶೀ ಈಸ್ ಸಿಕ್ಸ್ಟಿ ಫೋರ್.” ಅವರಿಗೆ ಸುಸ್ತಾಗಿದೆ ಅನ್ನೋದೂ “ಶೀ ಈಸ್ ಟೈರ್ಡ್.”

ಕನ್ನಡಕದ ವಿಷಯ ಸ್ವಲ್ಪ ಬೇರೆ. ದಿನಾ ಹಾಕ್ಕೊಳ್ಳೋರಾದ್ರೆ “ಶೀ ವೇರ್ಸ್ ಗ್ಲಾಸಸ್.” ಈಗ ಹಾಕ್ಕೊಂಡಿದ್ರೆ “ಶೀ ಈಸ್ ವೇರಿಂಗ್ ಗ್ಲಾಸಸ್.” ಅವತ್ತು ದೊಡ್ಡಮ್ಮನ ಕನ್ನಡಕ ಬ್ಯಾಗಿನಲ್ಲಿತ್ತಲ್ಲ, ಹಾಗಾಗಿ ಮೊದಲನೆಯದು ನಿಜ, ಎರಡನೆಯದು ಸುಳ್ಳು. ಹುಡುಕೋ ಗಾರ್ಡ್‌ಗೆ ಆ ವ್ಯತ್ಯಾಸ ಬೇಕಾಗುತ್ತೆ.

ಕೊನೆಯದಾಗಿ, ನಾವೆಲ್ಲ ಜಾರಿ ಬೀಳೋ ಜಾಗ. ‘ಸುಂದರವಾಗಿ ಕಾಣ್ತಾಳೆ’ ಅಂತೀವಿ. ಆ ‘ಆಗಿ’ ಇದೆಯಲ್ಲ, ಅದನ್ನು ಹಾಗೇ ಎತ್ಕೊಂಡು ಹೋಗಿ “ಶೀ ಲುಕ್ಸ್ ಬ್ಯೂಟಿಫುಲಿ” ಅಂದುಬಿಡ್ತೀವಿ. ಇಲ್ಲಿ ‘ಲುಕ್ಸ್’ ಕೂಡ ಕೊಂಡಿಯೇ, ‘ಸೀಮ್ಸ್’ ಕೂಡ. ಕೊಂಡಿ ಆದ ಮೇಲೆ ಗುಣವಾಚಕ ಬರಬೇಕು: “ಶೀ ಲುಕ್ಸ್ ಬ್ಯೂಟಿಫುಲ್”, “ಹೀ ಸೀಮ್ಸ್ ಟೈರ್ಡ್.” ಅನುಮಾನ ಬಂದ್ರೆ ‘ಲುಕ್ಸ್’ ತೆಗೆದು ಅದೇ ಜಾಗಕ್ಕೆ ‘ಈಸ್’ ಹಾಕಿ ನೋಡಿ. “ಶೀ ಈಸ್ ಬ್ಯೂಟಿಫುಲ್” ಸರಿ ಕೇಳುತ್ತೆ, “ಶೀ ಈಸ್ ಬ್ಯೂಟಿಫುಲಿ” ಕೇಳಲ್ಲ.

ಸರಿ, ದೊಡ್ಡಮ್ಮನ ಕಥೆ ಮುಗಿಸಿಬಿಡ್ತೀನಿ. ಅಮ್ಮ ಅಳೋಕೆ ಶುರು ಮಾಡಿದಾಗ ಮೇಡಂ ಅವರ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಡಸ್ ಶೀ ಲುಕ್ ಲೈಕ್ ಹರ್?” ಅಂದರು. ನಾನು “ಯೆಸ್, ಯೆಸ್” ಅಂದೆ. ಅಲ್ಲೇ ಗಾಲಿಕುರ್ಚಿ ತಳ್ಕೊಂಡು ಹೋಗ್ತಿದ್ದ ಹುಡುಗನನ್ನು ಕರೆದು ಅಮ್ಮನ ಮುಖ ತೋರಿಸಿದರು. ಅವನು ಒಂದು ಸಲ ನೋಡಿದ, ಬೆರಳನ್ನು ಕೆಳಗೆ ತೋರಿಸಿದ. ಕೆಳಗಿನ ಮಹಡಿ, ಮೆಡಿಕಲ್ ಸ್ಟೋರ್ ಎದುರಿನ ಬೆಂಚು.

ದೊಡ್ಡಮ್ಮ ಅಲ್ಲಿ ಆರಾಮಾಗಿ ಕೂತಿದ್ದರು. ಬಾತ್‌ರೂಮಿಗೆ ಅಂತ ಎದ್ದವರು ಮಬ್ಬಿನಲ್ಲಿ ಯಾರದೋ ಹಿಂದೆ ಲಿಫ್ಟ್ ಹತ್ತಿಬಿಟ್ಟಿದ್ದರು. ಹತ್ತಿರ ಹೋಗಿ ಕೈ ಹಿಡಿದ್ರೆ, “ಯಾಕೋ ಮಗಾ, ಕೈಯೆಲ್ಲ ಇಷ್ಟು ಬೆವರಿದೆ?” ಅಂತ ನನ್ನನ್ನೇ ಕೇಳಿದರು.

ನಿಮಗೊಂದು ಮನೆಗೆಲಸ. ಇವತ್ತು ಮನೆಯಲ್ಲಿರೋ ಒಬ್ಬರನ್ನು ನೋಡಿ ಐದೇ ವಾಕ್ಯ ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಿ. ಹಾಗೇ ಅವರದೊಂದು ಹೊಸ ಫೋಟೋನೂ ತೆಗೆದಿಟ್ಕೊಳ್ಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.