ಅಪ್‌ಡೇಟ್ ಆದ್ಮೇಲೆ ಲ್ಯಾಪ್‌ಟಾಪ್ ಚಾರ್ಜ್ ನಿಲ್ತಿಲ್ವಾ? ಬ್ಯಾಟರಿ ಬದಲಿಸೋ ಮುಂಚೆ ಇದನ್ನ ಕೇಳಿ

ಇವತ್ತು ಲ್ಯಾಪ್‌ಟಾಪ್ ಬ್ಯಾಟರಿ ಬಗ್ಗೆ ಮಾತಾಡೋಣ. ಅದ್ರಲ್ಲೂ ಅಪ್‌ಡೇಟ್ ಆದ ಮಾರನೇ ದಿನದಿಂದ ಶುರುವಾಗೋ ತಲೆನೋವಿನ ಬಗ್ಗೆ. ನಿನ್ನೆವರೆಗೂ ನಾಲ್ಕೈದು ಗಂಟೆ ಬರ್ತಿದ್ದ ಚಾರ್ಜ್, ಇವತ್ತು ಒಂದೂವರೆ ಗಂಟೆಗೆ ಕೆಂಪು ಗುರುತು ತೋರಿಸುತ್ತೆ. ಫ್ಯಾನ್ ಸದ್ದು ಮಾಡುತ್ತೆ, ತೊಡೆ ಮೇಲೆ ಇಟ್ಕೊಳ್ಳೋಕೂ ಆಗಲ್ಲ.

ಇದು ಈಗ ಹೆಚ್ಚು ಕೇಳಿಬರೋದಕ್ಕೆ ಒಂದು ಕಾರಣ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಾಗಾಗಿ ನಾಲ್ಕೈದು ವರ್ಷ ಹಳೇ ಲ್ಯಾಪ್‌ಟಾಪ್ ಇರೋರೂ ವಿಂಡೋಸ್ 11ಕ್ಕೆ ಬಂದ್ರು. ಹಳೇ ಬ್ಯಾಟರಿ, ಹೊಸ ಸಿಸ್ಟಮ್. ಇವೆರಡೂ ಒಂದೇ ವಾರ ಎದುರುಬದುರಾದಾಗ ತಪ್ಪು ಯಾರದು ಅಂತ ಹೇಳೋದು ಕಷ್ಟ. ಅಂಗಡಿಯವರು ಬ್ಯಾಟರಿ ಅಂತಾರೆ, ಫ್ರೆಂಡ್ಸ್ ಅಪ್‌ಡೇಟ್ ಅಂತಾರೆ. ಒಬ್ಬರ ಮಾತು ಕೇಳಿದ್ರೆ ಸಾವಿರಾರು ರೂಪಾಯಿ ಖರ್ಚು, ಇನ್ನೊಬ್ಬರ ಮಾತು ಕೇಳಿದ್ರೆ ಫಾರ್ಮ್ಯಾಟ್, ಪ್ರಾಜೆಕ್ಟ್ ಫೈಲೆಲ್ಲ ಹೋಗೋ ಅಪಾಯ. ಅದಕ್ಕೇ ಮೊದಲು ಅಳೆದು ನೋಡಿ ಅಂತೀನಿ. ಅಳತೆಗೆ ಬೇಕಾದ ಸಾಧನ ಎಲ್ಲಾ ನಿಮ್ಮ ಲ್ಯಾಪ್‌ಟಾಪಲ್ಲೇ ಇದೆ, ಉಚಿತವಾಗಿ.

ಅಳೆಯೋಕೂ ಮುಂಚೆ ಒಂದು ಮಾತು. ದೊಡ್ಡ ಅಪ್‌ಡೇಟ್ ಆದ ಮೊದಲ ಒಂದೆರಡು ದಿನದ ಲೆಕ್ಕ ಹಿಡೀಬೇಡಿ. ನಿಮ್ಮ ಕಣ್ಣಿಗೆ ಡೆಸ್ಕ್‌ಟಾಪ್ ಬಂದ ತಕ್ಷಣ ಅಪ್‌ಡೇಟ್ ಮುಗೀತು ಅನ್ಸುತ್ತೆ, ಆದ್ರೆ ಒಳಗಡೆ ಕೆಲಸ ನಡೀತಾನೇ ಇರುತ್ತೆ. ನಿಮ್ಮ ಫೈಲುಗಳನ್ನೆಲ್ಲ ಹುಡುಕೋದಕ್ಕೆ ಅನುಕೂಲ ಆಗ್ಲಿ ಅಂತ ಮತ್ತೆ ಪಟ್ಟಿ ಮಾಡ್ಕೊಳ್ಳುತ್ತೆ, ಇದನ್ನ ಇಂಡೆಕ್ಸಿಂಗ್ ಅಂತಾರೆ. ಆಂಟಿವೈರಸ್ ಇನ್ನೊಂದು ಸಲ ತಪಾಸಣೆ ಮಾಡುತ್ತೆ. ಕ್ಲೌಡ್ ಫೋಲ್ಡರ್ ಸಿಂಕ್ ಆಗುತ್ತೆ, ಆ್ಯಪ್‌ಗಳು ತಮ್ಮ ತಮ್ಮ ಅಪ್‌ಡೇಟ್ ಇಳಿಸ್ಕೊಳ್ತವೆ. ಟಾಸ್ಕ್ ಮ್ಯಾನೇಜರ್ ತೆಗೆದ್ರೆ ಸರ್ಚ್ ಇಂಡೆಕ್ಸರ್, ಆಂಟಿಮಾಲ್‌ವೇರ್ ಸರ್ವೀಸ್ ಎಕ್ಸಿಕ್ಯೂಟಬಲ್, ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್ ಅನ್ನೋ ಹೆಸರುಗಳು ಮೇಲ್ಗಡೆನೇ ಕೂತಿರ್ತವೆ. ಇವು ವೈರಸ್ ಅಲ್ಲ, ಬಲವಂತವಾಗಿ ನಿಲ್ಲಿಸೋಕೆ ಹೋಗ್ಬೇಡಿ. ಚಾರ್ಜರ್ ಹಾಕಿ, ಮುಚ್ಚಳ ತೆರೆದಿಟ್ಟು, ಒಂದು ರಾತ್ರಿ ನಿದ್ದೆಗೆ ಜಾರದ ಹಾಗೆ ಸೆಟ್ಟಿಂಗ್ ಮಾಡಿ ಬಿಟ್ಬಿಡಿ. ಎಷ್ಟೋ ದೂರು ಅಷ್ಟಕ್ಕೇ ಮುಗಿಯುತ್ತೆ. ಮ್ಯಾಕ್‌ಬುಕ್ ಇರೋರಿಗೂ ಇದೇ ಮಾತು. ಅಲ್ಲಿ ಸ್ಪಾಟ್‌ಲೈಟ್ ಮತ್ತು ಫೋಟೋಸ್ ಇದೇ ಕೆಲಸ ಮಾಡ್ತವೆ, ಆಕ್ಟಿವಿಟಿ ಮಾನಿಟರ್‌ನ ಎನರ್ಜಿ ಟ್ಯಾಬಲ್ಲಿ ಕಾಣುತ್ತೆ.

ಮೂರನೇ ದಿನವೂ ಅದೇ ಕಥೆ ಅಂದ್ರೆ ಈಗ ಅಳೆಯೋಣ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಟರ್ಮಿನಲ್ ತೆರೀರಿ. ಕಪ್ಪು ಪರದೆ ನೋಡಿ ಹೆದರ್ಬೇಡಿ. ಟೈಪ್ ಮಾಡ್ಬೇಕಾಗಿರೋದು ಇಷ್ಟೇ: ಪವರ್ ಅನ್ನೋ ಪದ, ಅದಕ್ಕೆ ಅಂಟಿಕೊಂಡೇ ಸಿ, ಎಫ್, ಜಿ ಅನ್ನೋ ಮೂರು ಅಕ್ಷರ. ಒಂದು ಸ್ಪೇಸ್. ಆಮೇಲೆ ಪ್ರಶ್ನಾರ್ಥಕ ಚಿಹ್ನೆ ಇರೋ ಕೀಲಿಯಲ್ಲೇ ಇರೋ ಸ್ಲ್ಯಾಶ್. ಅದರ ಪಕ್ಕಕ್ಕೇ ಬ್ಯಾಟರಿರಿಪೋರ್ಟ್, ಎರಡೂ ಪದ ಸೇರಿಸಿ. ಎಂಟರ್ ಒತ್ತಿ. ರಿಪೋರ್ಟ್ ಯಾವ ಫೋಲ್ಡರ್‌ನಲ್ಲಿ ಸೇವ್ ಆಯ್ತು ಅಂತ ಅಲ್ಲೇ ಬರುತ್ತೆ. ಆ ಫೈಲನ್ನ ಬ್ರೌಸರ್‌ನಲ್ಲಿ ತೆರೀರಿ.

ಅದ್ರಲ್ಲಿ ಎರಡು ಸಂಖ್ಯೆ ಹುಡುಕಿ. ಒಂದು ಡಿಸೈನ್ ಕೆಪ್ಯಾಸಿಟಿ, ಅಂದ್ರೆ ಫ್ಯಾಕ್ಟರಿಯಿಂದ ಬಂದಾಗ ಬ್ಯಾಟರಿ ಎಷ್ಟು ಹಿಡೀಬೇಕಿತ್ತು ಅನ್ನೋದು. ಇನ್ನೊಂದು ಫುಲ್ ಚಾರ್ಜ್ ಕೆಪ್ಯಾಸಿಟಿ, ಅಂದ್ರೆ ಇವತ್ತು ಅದು ತುಂಬಿದ್ರೆ ಎಷ್ಟು ಹಿಡಿಯುತ್ತೆ ಅನ್ನೋದು. ಬಿಂದಿಗೆ ಹಳೇದಾಗ್ತಾ ತಳದಲ್ಲಿ ಹೂಳು ಕೂತ ಹಾಗೆ. ಕಂಠದವರೆಗೂ ತುಂಬಿದ್ರೂ ನೀರು ಕಡಿಮೆನೇ. ಪರದೆ ಮೇಲೆ 100 ಪರ್ಸೆಂಟ್ ಅಂತ ತೋರಿಸೋದು ಇವತ್ತಿನ ಬಿಂದಿಗೆಯ ನೂರು, ಕೊಂಡ ದಿನದ ನೂರಲ್ಲ.

ನಮ್ಮ ಚಿಕ್ಕಪ್ಪನ ಮಗನದ್ದೇ ಉದಾಹರಣೆ ಕೊಡ್ತೀನಿ, ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದ್ದಾನೆ. ಪ್ಲೇಸ್‌ಮೆಂಟ್ ಪರೀಕ್ಷೆ ಮುಂದಿತ್ತು, ಎಲ್ಲಾ ಆನ್‌ಲೈನ್, ನಡುವೆ ಕರೆಂಟ್ ಹೋದ್ರೆ ಬ್ಯಾಟರಿಯೇ ಗತಿ. "ಅಕ್ಕಾ, ಅಪ್‌ಡೇಟ್ ಮಾಡಿದ್ಮೇಲೆ ಬ್ಯಾಟರಿ ಸತ್ತೋಯ್ತು, ಅಂಗಡೀಲಿ ಹೊಸದು ಹಾಕ್ಸು ಅಂದ್ರು" ಅಂತ ಫೋನ್ ಮಾಡಿದ್ದ. ರಿಪೋರ್ಟ್ ತೆಗೆಸಿದೆ. ಡಿಸೈನ್ ಕೆಪ್ಯಾಸಿಟಿ 50,000 ಮಿಲಿವ್ಯಾಟ್ ಅವರ್, ಅಂದ್ರೆ 50 ವ್ಯಾಟ್ ಅವರ್. ಫುಲ್ ಚಾರ್ಜ್ ಸುಮಾರು 31,000. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸವೆದಿದೆ. ಹಾಗಾದ್ರೆ ಅಂಗಡಿಯವರು ಹೇಳಿದ್ದೇ ಸರಿ ಅಂತ ಅನ್ಸುತ್ತೆ ಅಲ್ವಾ?

ಅದೇ ರಿಪೋರ್ಟಲ್ಲಿ ಕೆಳಗೆ ಬಂದ್ರೆ ಬ್ಯಾಟರಿ ಕೆಪ್ಯಾಸಿಟಿ ಹಿಸ್ಟರಿ ಅಂತ ಒಂದು ಪಟ್ಟಿ ಇದೆ. ವಾರವಾರಕ್ಕೂ ಬ್ಯಾಟರಿ ಎಷ್ಟು ಹಿಡೀತಿತ್ತು ಅನ್ನೋದು ಅದ್ರಲ್ಲಿ ಇರುತ್ತೆ. ನನ್ನ ಪ್ರಕಾರ ಇಡೀ ರಿಪೋರ್ಟಲ್ಲಿ ಅತಿ ಬೆಲೆಬಾಳೋ ಪುಟ ಇದೇ, ಜನ ಇದನ್ನ ನೋಡೋದೇ ಇಲ್ಲ. ಅಪ್‌ಡೇಟ್ ಯಾವ ದಿನ ಆಯ್ತು ಅಂತ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಒಳಗೆ ಅಪ್‌ಡೇಟ್ ಹಿಸ್ಟರಿಯಲ್ಲಿ ಸಿಗುತ್ತೆ. ಆ ದಿನಾಂಕವನ್ನ ಈ ಪಟ್ಟಿ ಪಕ್ಕ ಇಟ್ಟು ನೋಡಿ. ಅವನ ಬ್ಯಾಟರಿ ಅಪ್‌ಡೇಟ್‌ಗೆ ಮೂರು ತಿಂಗಳ ಮುಂಚೆಯೇ 33,000ಕ್ಕೆ ಇಳಿದಿತ್ತು. ಅಂದ್ರೆ ಸವೆತ ನಿಧಾನವಾಗಿ ಮುಂಚಿನಿಂದಲೂ ನಡೀತಾ ಬಂದಿತ್ತು, ಆ ವಾರ ವಿಶೇಷವಾಗಿ ಏನೂ ಬೀಳಲಿಲ್ಲ.

ಹಾಗಾದ್ರೆ ಆ ವಾರ ಬದಲಾಗಿದ್ದು ಏನು? ಸಣ್ಣ ಲೆಕ್ಕ ಹಾಕೋಣ. ಬ್ರೌಸರ್, ನೋಟ್ಸ್ ಅಂತ ಹಗುರ ಕೆಲಸಕ್ಕೆ ಲ್ಯಾಪ್‌ಟಾಪ್ 8 ವ್ಯಾಟ್ ಎಳೀತಿದೆ ಅಂತಿಟ್ಕೊಳ್ಳಿ. 31 ವ್ಯಾಟ್ ಅವರ್ ಇದ್ರೆ ಹೆಚ್ಚುಕಡಿಮೆ ನಾಲ್ಕು ಗಂಟೆ. ಅದೇ ಲ್ಯಾಪ್‌ಟಾಪ್ 20 ವ್ಯಾಟ್ ಎಳೆಯೋಕೆ ಶುರು ಮಾಡಿದ್ರೆ ಒಂದೂವರೆ ಗಂಟೆ. ಬ್ಯಾಟರಿ ಅದೇ, ಕುಡಿಯೋನು ಮಾತ್ರ ಬೇರೆ. ಹೊಸ ಬ್ಯಾಟರಿ ಹಾಕ್ಸಿದ್ರೂ 20 ವ್ಯಾಟ್‌ಗೆ ಎರಡೂವರೆ ಗಂಟೆನೇ ಬರೋದು. ದುಡ್ಡೂ ಹೋಯ್ತು, ರೋಗವೂ ಉಳೀತು. ಆದ್ದರಿಂದ ಕುಡೀತಿರೋನು ಯಾರು ಅಂತ ಹಿಡೀಬೇಕು.

ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಆಂಡ್ ಬ್ಯಾಟರಿ, ಅದರೊಳಗೆ ಬ್ಯಾಟರಿ ಯೂಸೇಜ್. ಕಳೆದ 24 ಗಂಟೆ ಅಥವಾ 7 ದಿನದಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ಫೋನಲ್ಲಿ ತೋರಿಸೋ ಹಾಗೇ ತೋರಿಸುತ್ತೆ. ಬ್ರೌಸರ್ ಮೇಲಿದ್ರೆ ಆಶ್ಚರ್ಯ ಇಲ್ಲ, ನಾವು ಬದುಕೋದೇ ಅಲ್ಲಿ. ನೀವು ತೆರೆಯದೇ ಇರೋ ಆ್ಯಪ್ ಮೇಲಿದ್ರೆ ಮಾತ್ರ ಅನುಮಾನ ಪಡಿ. ಅಲ್ಲೇ ಪವರ್ ಮೋಡ್ ನೋಡಿ. ಬೆಸ್ಟ್ ಪರ್ಫಾರ್ಮೆನ್ಸ್ ಅಂತಿದ್ರೆ ಬ್ಯಾಲೆನ್ಸ್ಡ್‌ಗೆ ತನ್ನಿ. ಆಮೇಲೆ ಡಿಸ್‌ಪ್ಲೇ ಒಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ನೋಡಿ. ಗ್ರಾಫಿಕ್ಸ್ ಡ್ರೈವರ್ ಬದಲಾದಾಗ 60 ಹರ್ಟ್ಸ್ ಇದ್ದದ್ದು ಕೆಲವೊಮ್ಮೆ 120 ಅಥವಾ 144ಕ್ಕೆ ಹೋಗಿರುತ್ತೆ. ಗೇಮಿಂಗ್ ಲ್ಯಾಪ್‌ಟಾಪ್ ಆದ್ರೆ ಇನ್ನೊಂದು ಸಾಧ್ಯತೆ. ಸಾದಾ ಕೆಲಸಕ್ಕೂ ದೊಡ್ಡ ಗ್ರಾಫಿಕ್ಸ್ ಚಿಪ್ ಎದ್ದು ಕೂತಿರಬಹುದು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬಲ್ಲಿ, ಏನೂ ಮಾಡದೇ ಇದ್ದಾಗಲೂ ಆ ಚಿಪ್ ಕೆಲಸ ಮಾಡ್ತಿದೆಯಾ ನೋಡಿ.

ನಮ್ಮ ಹುಡುಗನ ಲ್ಯಾಪ್‌ಟಾಪಲ್ಲಿ ಆಗಿದ್ದೂ ಅದೇ. ಸಾದಾ ಬ್ರೌಸರ್‌ಗೂ ದೊಡ್ಡ ಚಿಪ್ ಕೆಲಸ ಮಾಡ್ತಿತ್ತು. ಡಿವೈಸ್ ಮ್ಯಾನೇಜರ್, ಡಿಸ್‌ಪ್ಲೇ ಅಡಾಪ್ಟರ್, ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್, ರೋಲ್‌ಬ್ಯಾಕ್ ಡ್ರೈವರ್. ಹಳೇ ಡ್ರೈವರ್‌ಗೆ ವಾಪಸ್ ಹೋದ, ಮತ್ತೆ ಮೂರೂವರೆ ಗಂಟೆ ಬಂತು. ನಿಮ್ಮಲ್ಲಿ ಆ ಬಟನ್ ಮಸುಕಾಗಿದ್ರೆ ಹಳೇ ಡ್ರೈವರ್ ಉಳಿದಿಲ್ಲ ಅಂತ ಅರ್ಥ. ಆಗ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಿಂದ ನಿಮ್ಮ ಮಾಡೆಲ್‌ಗೇ ಕೊಟ್ಟಿರೋ ಡ್ರೈವರ್ ಇಳಿಸಿ. "ಡ್ರೈವರ್ ಅಪ್‌ಡೇಟರ್" ಅಂತ ಜಾಹೀರಾತಲ್ಲಿ ಬರೋ ಸಾಫ್ಟ್‌ವೇರ್ ಹತ್ರ ಮಾತ್ರ ಸುಳೀಬೇಡಿ.

ಇನ್ನು ಎರಡನೇ ತರದ ದೂರು. "ಬಳಸುವಾಗ ಸರಿ ಇದೆ, ಮುಚ್ಚಿಟ್ಟಾಗ ಖಾಲಿ ಆಗುತ್ತೆ." ಸಂಜೆ 80 ಪರ್ಸೆಂಟ್ ಇದ್ದಾಗ ಮುಚ್ಚಳ ಹಾಕಿ ಬ್ಯಾಗಿಗೆ ಹಾಕ್ತೀರಿ, ಬೆಳಗ್ಗೆ ಬ್ಯಾಗ್ ಬಿಸಿ, ಚಾರ್ಜ್ 30. ಇದು ಬೇರೆಯೇ ರೋಗ.

ಹಳೇ ಲ್ಯಾಪ್‌ಟಾಪ್‌ಗಳು ಸ್ಲೀಪ್ ಆದಾಗ ನಿಜಕ್ಕೂ ಮಲಗ್ತಿದ್ವು. ಮೆಮರಿಗೆ ಮಾತ್ರ ಒಂಚೂರು ಕರೆಂಟ್, ಉಳಿದಿದ್ದೆಲ್ಲ ಬಂದ್. ಇದಕ್ಕೆ ಎಸ್3 ಅಂತ ಹೆಸರು. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇರೋದು ಮಾಡರ್ನ್ ಸ್ಟ್ಯಾಂಡ್‌ಬೈ, ಅಥವಾ ಎಸ್0. ಫೋನ್ ತರಾನೇ ಇದು. ಪರದೆ ಆರಿದ್ರೂ ನೆಟ್‌ವರ್ಕ್ ಜೀವಂತ ಇರಬಹುದು, ಮೇಲ್ ಬರ್ತಿರುತ್ತೆ, ಮುಚ್ಚಳ ತೆರೆದ ಕೂಡಲೇ ಎದ್ದೇಳುತ್ತೆ. ಎಲ್ಲಾ ಸರಿ ಇದ್ರೆ ರಾತ್ರಿಯಲ್ಲಿ ಖರ್ಚಾಗೋದು ಸ್ವಲ್ಪವೇ. ಆದ್ರೆ ವೈಫೈ, ಬ್ಲೂಟೂತ್, ಆಡಿಯೋ, ಹೀಗೆ ಯಾವುದೋ ಒಂದು ಡ್ರೈವರ್ ನಿದ್ದೆ ಮಾಡೋಕೆ ಒಪ್ಪದೇ ಹೋದ್ರೆ ಇಡೀ ಯಂತ್ರವೇ ಎಚ್ಚರವಾಗಿರುತ್ತೆ. ಅಪ್‌ಡೇಟ್ ಆದಾಗ ಬದಲಾಗೋದೂ ಈ ಡ್ರೈವರ್‌ಗಳೇ.

ನಿಮ್ಮದು ಯಾವ ತರದ್ದು ಅಂತ ತಿಳ್ಕೊಳ್ಳೋಕೆ ಅದೇ ಪವರ್ ಸಿಎಫ್‌ಜಿ, ಸ್ಪೇಸ್, ಸ್ಲ್ಯಾಶ್, ಮುಂದೆ ಎ ಅಕ್ಷರ ಮಾತ್ರ. ಎಸ್0 ಅಂತ ಬಂದ್ರೆ ಇನ್ನೊಂದು ಕಮಾಂಡ್ ಇದೆ: ಎ ಬದಲು ಸ್ಲೀಪ್‌ಸ್ಟಡಿ. ಇದಕ್ಕೆ ಟರ್ಮಿನಲನ್ನ ಅಡ್ಮಿನ್ ಆಗಿ ತೆರೀಬೇಕು. ಯಾವ ರಾತ್ರಿ ಎಷ್ಟು ಹೊತ್ತು ಮಲಗಿತ್ತು, ಎಷ್ಟು ಚಾರ್ಜ್ ಹೋಯ್ತು, ನಿದ್ದೆ ಕೆಡಿಸಿದ್ದು ಯಾರು ಅಂತ ಹೆಸರು ಸಮೇತ ಬರುತ್ತೆ. ಹೆಚ್ಚು ಚಾರ್ಜ್ ತಿಂದ ನಿದ್ದೆಗಳಿಗೆ ಕೆಂಪು ಬಣ್ಣ ಬಳಿದಿರುತ್ತೆ. ಹೆಸರು ಸಿಕ್ಕಿದ್ರೆ ಆ ಡ್ರೈವರ್‌ದೇ ಚಿಕಿತ್ಸೆ. ಸಿಗದಿದ್ರೆ ಇನ್ನೊಂದು ದಾರಿ ಇದೆ, ನಾನು ಬಸ್ಸಲ್ಲಿ ಓಡಾಡೋರಿಗೆಲ್ಲ ಹೇಳೋದು ಅದನ್ನೇ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಮುಚ್ಚಳ ಹಾಕಿದ್ರೆ ಸ್ಲೀಪ್ ಬದಲು ಹೈಬರ್ನೇಟ್ ಆಗ್ಲಿ ಅಂತ ಮಾಡಿ. ತೆರೆದ ಕೆಲಸವನ್ನ ಡಿಸ್ಕ್‌ಗೆ ಬರೆದು ಪೂರ್ತಿ ಆರುತ್ತೆ. ಎದ್ದೇಳೋಕೆ ಕೆಲವು ಸೆಕೆಂಡ್ ಹೆಚ್ಚು ಬೇಕು, ಅಷ್ಟೇ. ಬ್ಯಾಗಲ್ಲಿ ಗಾಳಿ ಆಡದ ಜಾಗದಲ್ಲಿ ಬಿಸಿಯಾಗಿ ಕೂತಿರೋದು ಬ್ಯಾಟರಿಗೂ ಕೆಟ್ಟದ್ದೇ. ಲಿಥಿಯಂ ಅಯಾನ್ ಬ್ಯಾಟರಿ ಬಿಸಿಯಲ್ಲಿ ಬೇಗ ಸವೆಯುತ್ತೆ.

ಒಂದು ಸುಳ್ಳು ದೂರಿನ ಬಗ್ಗೆನೂ ಹೇಳ್ಬಿಡ್ತೀನಿ. "ಅಪ್‌ಡೇಟ್ ಆದ್ಮೇಲೆ 80ಕ್ಕಿಂತ ಮೇಲೆ ಚಾರ್ಜೇ ಆಗ್ತಿಲ್ಲ." ಇದು ಹಾಳಾಗಿರೋದಲ್ಲ. ಬ್ಯಾಟರಿ ಬಾಳಿಕೆ ಬರ್ಲಿ ಅಂತ ಲ್ಯಾಪ್‌ಟಾಪ್ ಕಂಪನಿಯ ಆ್ಯಪ್ ಬೇಕಂತಲೇ 80ಕ್ಕೆ ನಿಲ್ಲಿಸ್ತಿರಬಹುದು. ಆ ಆ್ಯಪ್ ತೆಗೆದು ನೋಡಿ. ಯಾವಾಗ್ಲೂ ಚಾರ್ಜರ್ ಹಾಕಿಯೇ ಕೆಲಸ ಮಾಡೋರು ಅದನ್ನ ಹಾಗೇ ಬಿಡೋದು ಒಳ್ಳೇದು. ಪರೀಕ್ಷೆ ದಿನ, ಪ್ರಯಾಣದ ದಿನ ಮಾತ್ರ 100ಕ್ಕೆ ಏರಿಸ್ಕೊಳ್ಳಿ.

ಏನು ಮಾಡಿದ್ರೂ ಆಗ್ಲಿಲ್ಲ, ಹಳೇ ವಿಂಡೋಸ್‌ಗೇ ವಾಪಸ್ ಹೋಗ್ತೀನಿ ಅನ್ನೋರಿಗೆ: ದೊಡ್ಡ ಅಪ್‌ಗ್ರೇಡ್ ಆದ್ಮೇಲೆ ರಿಕವರಿಯಲ್ಲಿ ಗೋ ಬ್ಯಾಕ್ ಅನ್ನೋ ಬಟನ್ ಸಾಮಾನ್ಯವಾಗಿ 10 ದಿನ ಮಾತ್ರ ಇರುತ್ತೆ. ಆಮೇಲೆ ಹಳೇ ಸಿಸ್ಟಮ್‌ನ ಫೈಲುಗಳನ್ನ ಅಳಿಸಿಬಿಡುತ್ತೆ. ಅದಕ್ಕೇ ಅಳತೆಯನ್ನ ಮೊದಲ ವಾರದಲ್ಲೇ ಮುಗಿಸಿ ಅನ್ನೋದು. ವಾಪಸ್ ಹೋಗೋಕೆ ಮುಂಚೆ ಫೈಲುಗಳ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೋ ಹಾರ್ಡ್ ಡಿಸ್ಕ್‌ನಲ್ಲೋ ಇಟ್ಕೊಳ್ಳಿ. ವಿಂಡೋಸ್ 10ಕ್ಕೆ ಹೋಗೋದಾದ್ರೆ ಭದ್ರತಾ ಅಪ್‌ಡೇಟ್ ತಾನಾಗೇ ಬರಲ್ಲ, ವಿಸ್ತರಿತ ಭದ್ರತಾ ಯೋಜನೆಗೆ ಹೆಸರು ನೋಂದಾಯಿಸ್ಬೇಕು ಅನ್ನೋದು ನೆನಪಿರಲಿ. ಆನ್‌ಲೈನ್ ಬ್ಯಾಂಕಿಂಗ್ ಮಾಡೋ ಲ್ಯಾಪ್‌ಟಾಪ್‌ಗೆ ಒಂದು ಗಂಟೆ ಬ್ಯಾಟರಿಗೋಸ್ಕರ ಆ ಬೆಲೆ ಕೊಡೋದು ನಂಗಂತೂ ಸರಿ ಕಾಣಲ್ಲ.

ಇನ್ನು ನಿಜಕ್ಕೂ ಬ್ಯಾಟರಿ ಬದಲಿಸೋ ಸಂದರ್ಭ. ಫುಲ್ ಚಾರ್ಜ್ ಕೆಪ್ಯಾಸಿಟಿ ಡಿಸೈನ್‌ನ ಅರ್ಧದ ಆಸುಪಾಸಿಗೆ ಬಂದಿದ್ರೆ, ಅಥವಾ 30 ಪರ್ಸೆಂಟ್ ಇದ್ದಾಗಲೇ ದಿಢೀರ್ ಅಂತ ಆರಿಹೋಗ್ತಿದ್ರೆ ಬದಲಿಸಿ. ವಾರಂಟಿ ಇದ್ರೆ ಈ ರಿಪೋರ್ಟನ್ನೇ ಸರ್ವೀಸ್ ಸೆಂಟರ್‌ನವರಿಗೆ ತೋರಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಹಾಕ್ಸಿದ್ರೆ ದುಡ್ಡು ಕೊಡೋ ಮುಂಚೆ ಅಲ್ಲೇ ನಿಂತು ಬ್ಯಾಟರಿರಿಪೋರ್ಟ್ ಕಮಾಂಡ್ ಓಡಿಸಿ. ಹೊಸ ಬ್ಯಾಟರಿಯ ಎರಡೂ ಸಂಖ್ಯೆ ಹತ್ತಿರ ಹತ್ತಿರ ಇರ್ಬೇಕು, ಹೇಳಿದ ವ್ಯಾಟ್ ಅವರ್‌ಗೆ ಹೊಂದಬೇಕು, ಸೈಕಲ್ ಕೌಂಟ್ ತೋರಿಸಿದ್ರೆ ಅದು ತೀರಾ ಕಡಿಮೆ ಇರ್ಬೇಕು.

ಟಚ್‌ಪ್ಯಾಡ್ ಉಬ್ಬಿದ್ರೆ, ಅಥವಾ ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮ ಕೂರದೇ ಅಲುಗಾಡ್ತಿದ್ರೆ, ಈ ಯಾವ ಅಳತೆಯೂ ಬೇಡ. ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜರ್ ಕಿತ್ತು, ಆಫ್ ಮಾಡಿ, ಸೀದಾ ಸರ್ವೀಸ್ ಸೆಂಟರ್‌ಗೆ ತಗೊಂಡು ಹೋಗಿ. ಒತ್ತೋದು, ಚುಚ್ಚೋದು ಮಾಡ್ಬೇಡಿ, ಬೆಂಕಿ ಹತ್ತಬಹುದು. ತೆಗೆದ ಬ್ಯಾಟರಿಯನ್ನ ಮನೆ ಕಸಕ್ಕೆ ಹಾಕ್ಬೇಡಿ, ಇ-ತ್ಯಾಜ್ಯ ತಗೊಳ್ಳೋರಿಗೆ ಅಥವಾ ಸರ್ವೀಸ್ ಸೆಂಟರ್‌ಗೇ ಕೊಡಿ.

ಕಮಾಂಡ್‌ಗಳು ಕೇಳಿ ಬರೆದುಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ಈ ಪುಟವನ್ನ ಫೋನಲ್ಲಿ ತೆರೆದಿಟ್ಕೊಂಡು ಲ್ಯಾಪ್‌ಟಾಪ್ ಮುಂದೆ ಕೂತ್ಕೊಳ್ಳಿ.